ಮೂಲ ಅಂದರೆ ಬೇರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಹಾಸಿಗೆ ಕಾರ್ಖಾನೆಯ ಹೆಡ್ ಕ್ಲಾರ್ಕನ್ನು ನೋಡಿರಲಿಕ್ಕಿಲ್ಲ. ನೋಡಿದ್ದರೆ ಗಾದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು. ಮಾತು ಬಲ್ಲವರೆಂದರೆ ಇವರೇ. ಮೂವತ್ತೊಂದು ವರ್ಷದಿಂದ ಕಾರ್ಖಾನೆಯ ನೋಟೀಸು, ಸುತ್ತೋಲೆ, ಎಚ್ಚರಿಕೆ ಪತ್ರ, ಸತ್ತವರಿಗೆ ಸಂತಾಪ, ಎಲ್ಲವೂ ಇವರ ಕೈಯಿಂದಲೇ ಹೊರಬೀಳಬೇಕು. ಗೋಡೆಯ ಮೇಲೆ 'ಇಲ್ಲಿ ಉಗುಳಬೇಡಿ' ಎಂದು ಬರೆಸಬೇಕಾಗಿ ಬಂದಾಗ ಇವರು 'ನಿಷ್ಠೀವನ ನಿಷಿದ್ಧ' ಎಂದು ಬರೆಸಿದರು. ಅದೇನೆಂದು ಓದಲು ಜನ ನಿಲ್ಲುತ್ತಿದ್ದರು, ಎರಡು ಸಲ ಓದುತ್ತಿದ್ದರು, ಅರ್ಥವಾಗದೆ ಅಲ್ಲೇ ಉಗುಳಿ ಮುಂದೆ ಹೋಗುತ್ತಿದ್ದರು. ಕಾರ್ಖಾನೆಯವರು ಅವರಿಗೆ ನಿಘಂಟು ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯಲು ಇಟ್ಟ ಹೆಸರು ಅದು. ಹೇಗೋ ಅವರ ಕಿವಿಗೆ ಬಿದ್ದು, ಅವರು ಅದನ್ನು ಬಿರುದೆಂದುಕೊಂಡು ಒಳಗೊಳಗೇ ಹಿಗ್ಗಿದ್ದರು.

ಅವರ ನಿವೃತ್ತಿಗೆ ಇನ್ನು ಎರಡೇ ತಿಂಗಳಿತ್ತು. ಆಮೇಲೂ ಎರಡು ವರ್ಷ 'ಭಾಷಾ ಸಲಹೆಗಾರ' ಎಂದು ಉಳಿಸಿಕೊಳ್ಳುತ್ತೇವೆ ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದರು. ಹಾಸಿಗೆ ಕಾರ್ಖಾನೆಗೆ ಭಾಷಾ ಸಲಹೆಗಾರ ಯಾಕೆ ಎಂದು ಕೇಳಬೇಡಿ. ಮನೆಯಲ್ಲಿ ಕೂತರೆ ಯಾರ ವ್ಯಾಕರಣ ತಿದ್ದುವುದು ಎಂಬ ಭಯ ಅವರಿಗೆ, ಇಂಥವರನ್ನು ಒಮ್ಮೆಲೇ ಬಿಡಿಸಿದರೆ ಎಲ್ಲಿ ದೀರ್ಘ ಪತ್ರ ಬರೆಯುತ್ತಾರೋ ಎಂಬ ಭಯ ಮ್ಯಾನೇಜರಿಗೆ.

ಅಷ್ಟರಲ್ಲಿ ಹೆಡ್ ಆಫೀಸಿಗೆ ಆರೋಗ್ಯದ ಹುಚ್ಚು ಹಿಡಿಯಿತು. ಇಂಗ್ಲಿಷಿನಲ್ಲಿ ಎರಡು ಪುಟದ ಆದೇಶ ಬಂತು. ಮೇಲೆ ಸೊಪ್ಪಿನ ಬಟ್ಟಲು ಹಿಡಿದು, ಲಾಟರಿ ಹೊಡೆದವಳಂತೆ ನಗುವ ಹೆಂಗಸಿನ ಚಿತ್ರ. ಕೆಳಗಿದ್ದ ವಿಷಯವೇನೋ ಒಳ್ಳೆಯದೇ. ಕೆಲಸಗಾರರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚುತ್ತಿದೆ. ಕ್ಯಾಂಟೀನಿನಲ್ಲಿ ಕರಿದದ್ದು, ಮೈದಾ, ಸಕ್ಕರೆ ಕಡಿಮೆ ಮಾಡಿ. ತೌಡು ತೆಗೆಯದ ಧಾನ್ಯ, ಕಾಳು, ಸೊಪ್ಪು, ತರಕಾರಿ, ಹಣ್ಣು ಕೊಡಿ. ನಾರು ಹೊಟ್ಟೆಗೆ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು. ಸುಳ್ಳೇನಿದೆ ಅದರಲ್ಲಿ? ಮ್ಯಾನೇಜರು ಅದನ್ನು ಓದಿ, ಎರಡು ಕ್ರೀಮ್ ಬನ್ನು ತಿಂದು, ಬೆರಳು ಒರೆಸಿಕೊಂಡು, "ಇದನ್ನ ಕನ್ನಡಕ್ಕೆ ಮಾಡ್ರೀ" ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಆ ಮನುಷ್ಯನಿಗೆ ಒಗ್ಗುವುದಿಲ್ಲ. ಬದನೆಕಾಯಿ ತಿಂದಿದ್ದರೆ ಒಳ್ಳೆಯದೇ ಆಗುತ್ತಿತ್ತು.

ನಿಘಂಟು ಕನ್ನಡಕ ಮೂಗಿಗೇರಿಸಿ ಕೂತರು. ಎದುರು ಮೇಜಿನಲ್ಲಿ ಟೈಪಿಸ್ಟಮ್ಮ. ಹದಿನೆಂಟು ವರ್ಷದಿಂದ ಅವರ ಒತ್ತಕ್ಷರಗಳನ್ನು ಬಡಿದು ಬಡಿದು ಬೆರಳು ಸವೆಸಿಕೊಂಡ ಹೆಂಗಸು.

"ಸೊಪ್ಪು, ತರಕಾರಿ, ಕಾಳು, ಹಣ್ಣು, ತೌಡು ತೆಗೀದೇ ಇರೋ ಧಾನ್ಯ ಅಂತ ಹಾಕಿಬಿಡೋಣ ಸಾರ್. ಎಲ್ರಿಗೂ ಗೊತ್ತಾಗತ್ತೆ" ಎಂದಳು.

"ಇದು ಸುತ್ತೋಲೆ ಕಣಮ್ಮ, ಸಂತೆ ಚೀಟಿ ಅಲ್ಲ."

ಒಂದು ಮಧ್ಯಾಹ್ನವೆಲ್ಲ ಕೂತು ಅವರು ಎರಡು ಪುಟವನ್ನು ಹಿಂಡಿ ಎರಡು ವಾಕ್ಯಕ್ಕೆ ಇಳಿಸಿದರು. 'ಮುಂದಿನ ಮಾಸದ ಪ್ರಥಮ ದಿನದಿಂದ ಭೋಜನಾಲಯದಲ್ಲಿ ಅಖಂಡ ಸಸ್ಯಮೂಲ ಆಹಾರವನ್ನಷ್ಟೇ ವಿತರಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.' ಇಂಗ್ಲಿಷಿನ 'ಹೋಲ್'ಗೆ ಅಖಂಡ, 'ಪ್ಲಾಂಟ್ ಬೇಸ್ಡ್'ಗೆ ಸಸ್ಯಮೂಲ. ಶಿಸ್ತುಕ್ರಮದ ಮಾತು ಮಾತ್ರ ಇಂಗ್ಲಿಷಿನಲ್ಲಿ ಇರಲಿಲ್ಲ. ಅದಿಲ್ಲದೆ ವಾಕ್ಯಕ್ಕೆ ಗತ್ತು ಬರುವುದಿಲ್ಲವೆಂದು ಇವರೇ ಸೇರಿಸಿದರು. ಒಂದು ಪ್ರತಿಯನ್ನು ಮನೆಗೂ ಒಯ್ದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಹೆಂಡತಿಗೆ ರಕ್ತದ ಸಕ್ಕರೆ ಗಡಿಯ ಹತ್ತಿರ ಬಂದಿದೆ, ಊಟ ಸರಿಮಾಡಿಕೊಂಡು ಒಂದು ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅವಳಿಗೂ ಉಪಯೋಗವಾಗಲಿ ಎಂಬ ಪ್ರೀತಿ ಇತ್ತೆನ್ನಿ, ಅದನ್ನು ಇಲ್ಲವೆನ್ನಬಾರದು. ಆದರೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಓದಿಕೊಂಡದ್ದು ಮಾತ್ರ ತಮ್ಮ ವಾಕ್ಯವನ್ನೇ.

ಇತ್ತ ಕ್ಯಾಂಟೀನಿನಲ್ಲಿ ಸುತ್ತೋಲೆಯ ಮುಂದೆ ಅಡುಗೆಯವಳೂ ಉಗ್ರಾಣದವನೂ ನಿಂತಿದ್ದರು. ಅಡುಗೆಯವಳನ್ನು ಎಲ್ಲರೂ ಸೌಟಕ್ಕ ಎನ್ನುತ್ತಿದ್ದರು. ನೂರ ನಲವತ್ತು ಜನಕ್ಕೆ ಬೇಯಿಸುವ ಕೈ, ಬಾಯಿ ಅದಕ್ಕಿಂತ ಜೋರು. ಕೆಲಸ ಮಾತ್ರ ಗುತ್ತಿಗೆಯದು. ವರ್ಷವರ್ಷ ಸಹಿಯಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುದಿ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಹೊಟ್ಟೆಯೂ ಅವಳ ಸೌಟಿಗೇ ಕಟ್ಟಿಕೊಂಡಿತ್ತು. ಶಿಸ್ತುಕ್ರಮ ಎಂಬ ಒಂದು ಪದ ಅವಳಿಗೆ ಚೆನ್ನಾಗಿ ಅರ್ಥವಾಯಿತು.

"ಖಂಡ ಅಂದ್ರೆ ಮಾಂಸ. ಅಖಂಡ ಅಂದ್ರೆ ಮಾಂಸ ಇಲ್ಲ" ಎಂದ ಉಗ್ರಾಣದವ. "ಮೂಲ ಅಂದ್ರೆ ಮೂಲಂಗಿ ಇರ್ಬೇಕು. ಅಂಗಿ ಬಿಟ್ಟಿದಾರೆ."

"ಮೂಲಂಗಿ ಒಂದನ್ನೇ ಕೊಟ್ರೆ ಹೊಲಿಗೆ ಹಾಲಲ್ಲಿ ಯಾರು ಕೂರ್ತಾರೆ ಮಾರಾಯ? ನಮ್ಮಮ್ಮ ಗಿಡಮೂಲಿಕೆ ಕೊಡೋಳು. ಮೂಲ ಅಂದ್ರೆ ಬೇರು. ತಡಿ, ಬರೆದವರನ್ನೇ ಕೇಳ್ಕೊಂಡು ಬರ್ತೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಮಹಡಿ ಹತ್ತಿದಳು. ನಿಘಂಟು ಆಗ ದಿನಪತ್ರಿಕೆಯ ಅಚ್ಚಿನ ತಪ್ಪುಗಳಿಗೆ ಗುರುತು ಹಾಕುತ್ತಿದ್ದರು, ಅವರ ನಿತ್ಯವ್ರತ. ತಲೆಯೆತ್ತಲಿಲ್ಲ.

"ಸಾರ್, ಮೂಲ ಅಂದ್ರೆ ಬೇರು ಅಲ್ವಾ?"

"ಮೂಲ ಅಂದರೆ ಬೇರು." ಅವರಿಗೆ ಖುಷಿಯಾಯಿತು. ಅಡುಗೆಯವಳಿಗೂ ತತ್ಸಮ ಗೊತ್ತಿದೆಯಲ್ಲ.

"ಅಖಂಡ ಅಂದ್ರೆ?"

"ಖಂಡ ಎಂದರೆ ತುಂಡು. ಅಖಂಡ, ತುಂಡು ಮಾಡದೆ ಇರುವುದು."

"ಹಂಗಾದ್ರೆ ಹೆಚ್ಚೋ ಹಾಗೇ ಇಲ್ಲ?"

"ಹೆಚ್ಚಿದರೆ ಅದು ಅಖಂಡ ಹೇಗಾಗತ್ತಮ್ಮ?"

"ಬರೀ ಅದನ್ನೇ ಕೊಟ್ರೆ ಜನ ಬೈತಾರೆ ಸಾರ್" ಎಂದಳು ಸೌಟಕ್ಕ.

"ಸುತ್ತೋಲೆ ಬಯ್ಯುವವರಿಗಾಗಿ ಅಲ್ಲ" ಎಂದರು ನಿಘಂಟು, ಪುಟ ತಿರುಗಿಸುತ್ತ. ಅದು ಒಳ್ಳೆಯ ವಾಕ್ಯವಾಯಿತೆಂದು ಅವರಿಗೇ ಅನಿಸಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಒಂದನೇ ತಾರೀಖಿನಿಂದ ಕ್ಯಾಂಟೀನಿನಲ್ಲಿ ಬೇರೇ ಬೇರು. ಒಂದು ದಿನ ಬೀಟ್‌ರೂಟು, ಒಂದು ದಿನ ಗಜ್ಜರಿ, ಒಂದು ದಿನ ಗೆಣಸು, ಆಲೂಗಡ್ಡೆ, ಮರಗೆಣಸು, ಮಧ್ಯೆ ಮಧ್ಯೆ ಮೂಲಂಗಿ. ಎಲ್ಲವೂ ಇಡಿಯಾಗಿ, ಸಿಪ್ಪೆ ಸಮೇತ, ತಟ್ಟೆಯ ನಡುವೆ ಕೂತು ತಿನ್ನುವವನನ್ನೇ ದಿಟ್ಟಿಸುತ್ತಿದ್ದವು. ಮೊದಲ ದಿನ ಜನ ನಕ್ಕರು. ಮೂರನೆಯ ದಿನ ಯಾರೂ ನಗಲಿಲ್ಲ. ಮಹಡಿಯ ಆಫೀಸಿನವರು ಮನೆಯ ಬುತ್ತಿ ಉಣ್ಣುವವರು, ಕೆಳಗಿನ ತಟ್ಟೆಯ ಸುದ್ದಿ ಅವರವರೆಗೆ ಹತ್ತಲಿಲ್ಲ. ಎಂಟನೆಯ ದಿನ ಮೂಲಂಗಿ ತಿಂದವರು ಹೊಲಿಗೆ ಹಾಲಿಗೆ ಹೋದರು. ಹತ್ತಿ ಹಾರಬಾರದೆಂದು ಸದಾ ಮುಚ್ಚಿರುವ ಅಲ್ಲಿನ ಕಿಟಕಿಗಳನ್ನು ಆವತ್ತು ಎಲ್ಲ ತೆರೆದರು, ಹತ್ತಿ ರಸ್ತೆಯವರೆಗೂ ಹಾರಿತು. "ಮೂಲ ಬಂದಿದೆಯಂತೆ, ಯಾರಿಗೆ?" "ಇಡೀ ಕಾರ್ಖಾನೆಗೇ ಮೂಲವ್ಯಾಧಿ" ಎಂಬ ಮಾತು ಮಿಷನ್ನಿನಿಂದ ಮಿಷನ್ನಿಗೆ ದಾಟಿತು. ಹೊಲಿಗೆ ಮೇಸ್ತ್ರಿಯಂತೂ ದವಡೆ ಹಿಡಿದುಕೊಂಡು, "ಬಡವನ ಕೋಪ ದವಡೆಗೆ ಮೂಲ ಅಂತಿದ್ರು. ಈಗ ಊಟಾನೂ ದವಡೆಗೆ ಮೂಲ" ಎಂದ.

ಪಾಪ, ಅವನ ಬಾಯಿಂದ ಬಂದದ್ದು ನಿಜವಾಯಿತು. ಸರಿಯಾಗಿ ಬೇಯದ ಒಂದು ಅಖಂಡ ಬೀಟ್‌ರೂಟನ್ನು ಕಚ್ಚಿದಾಗ ಅವನ ಕಟ್ಟಿಸಿದ ಹಲ್ಲು ಕಳಚಿಕೊಂಡಿತು. ಊಟದ ಗಂಟೆ ಮುಗಿದಿತ್ತು. ಹಲ್ಲನ್ನು ಅಂಗೈಯಲ್ಲಿ ಹಿಡಿದೇ ಹಾಲಿಗೆ ಬಂದು, ಮುಂದಿದ್ದ ಹಾಸಿಗೆಯ ಅಂಚಿನಲ್ಲಿ ಒಂದು ಕ್ಷಣಕ್ಕೆಂದು ಇಟ್ಟು, ಸೂಜಿಗೆ ದಾರ ಪೋಣಿಸಿದ. ಆಮೇಲೆ ಹಲ್ಲು ಕಾಣಲಿಲ್ಲ. ಹನ್ನೊಂದು ದಿನದ ಮೇಲೆ ಒಂದು ವಸತಿಗೃಹದಲ್ಲಿ ಮಲಗಿದ್ದ ಗಿರಾಕಿಯ ಬೆನ್ನಿಗೆ ಅದು ಸಿಕ್ಕಿತು. ಹಾಸಿಗೆಯ ಒಳಗಿನಿಂದ ಕಚ್ಚಿದಂತಾಯಿತು ಎಂದು ಆತ ದೂರು ಬರೆದ.

ದೂರು ಹೆಡ್ ಆಫೀಸಿಗೆ ಹೋಗಿ, ಅಲ್ಲಿಂದ ಮ್ಯಾನೇಜರಿಗೆ ಬಂತು. ಹಾಸಿಗೆಯಲ್ಲಿ ಹಲ್ಲು ಯಾಕೆ? ಬೀಟ್‌ರೂಟಿನಿಂದ. ಇಡೀ ಬೀಟ್‌ರೂಟು ಯಾಕೆ? ಸುತ್ತೋಲೆಯಿಂದ. ಮ್ಯಾನೇಜರು ನಿಘಂಟುವನ್ನು ಕರೆದರು.

"ಏನ್ರೀ ಬರ್ದಿದ್ರಿ ನೀವು?"

"ಬರೆದದ್ದು ಸರಿಯಾಗಿಯೇ ಇದೆ. ಮೂಲ ಎಂದರೆ ಇಲ್ಲಿ ಉತ್ಪತ್ತಿಸ್ಥಾನ. ಓದಿದವರು ಬೇರು ಎಂದುಕೊಂಡರೆ ಪದದ ತಪ್ಪಲ್ಲ."

"ಅದೇ ನಾನೂ ಹೇಳೋದು. ಆಫೀಸಿನ ತಪ್ಪು ಅಂತ ಹೋದ್ರೆ ನಿಮ್ಗೂ ತೊಂದ್ರೆ, ನನಗೂ ತೊಂದ್ರೆ. ನಿಮ್ಮ ಸಲಹೆಗಾರರ ಕೆಲಸದ ಕಾಗದ ಬೇರೆ ಅಲ್ಲೇ ಕೂತಿದೆ. ಆ ಹೆಂಗಸು ಗುತ್ತಿಗೆಯೋಳು. ಒಂದು ವಿವರಣೆ ಬರೀರಿ, ಮುಗೀತು."

ಅವರು ಬರೆದರು. ಕೈಗೆ ಲಹರಿ ಬಂದುಬಿಟ್ಟಿತ್ತು. 'ಪ್ರಸ್ತುತ ಅನರ್ಥಕ್ಕೆ ಭೋಜನಾಲಯದ ಅಲ್ಪಜ್ಞೆಯಾದ ಪಾಚಕಿಯ ಸ್ವಕಪೋಲಕಲ್ಪಿತ ಅರ್ಥೈಸುವಿಕೆಯೇ ಏಕೈಕ ಕಾರಣವಾಗಿರುತ್ತದೆ. ಆಕೆಯ ಸೇವೆಯನ್ನು ಮುಂದುವರಿಸುವುದು ವಿಹಿತವಲ್ಲ.' ಟೈಪಿಸ್ಟಮ್ಮ ಬಡಿಯುತ್ತ ಬಡಿಯುತ್ತ ನಿಲ್ಲಿಸಿದಳು.

"ಅವಳು ಮೇಲೆ ಬಂದು ನಿಮ್ಮನ್ನ ಕೇಳಿದ್ಲಲ್ವಾ ಸಾರ್? ನಾನು ಇಲ್ಲೇ ಇದ್ದೆ."

"ಕೇಳಿದ್ದಕ್ಕೆ ಸರಿಯಾದ ಅರ್ಥವನ್ನೇ ಹೇಳಿದ್ದೇನೆ. ಬಡೀರಿ."

ಅವಳು ಬಡಿದಳು. ಕಾಗದ ಮ್ಯಾನೇಜರ ಮೇಜಿಗೆ ಹೋಯಿತು, ನಿಘಂಟು ಹೆಂಡತಿಯನ್ನು ಕರೆದುಕೊಂಡು ಡಾಕ್ಟರಮ್ಮನ ಬಳಿಗೆ ಹೋದರು. ಅಂದು ಮರುಪರೀಕ್ಷೆಯ ದಿನ.

ಡಾಕ್ಟರಮ್ಮ ವರದಿ ನೋಡಿ ಕನ್ನಡಕ ತೆಗೆದರು. ಸಕ್ಕರೆ ಇಳಿದಿರಲಿಲ್ಲ, ಗಡಿ ದಾಟಿ ಒಳಗೆ ಬಂದು ಕೂತಿತ್ತು.

"ಏನು ಊಟ ಮಾಡ್ತಿದೀರಿ?"

"ಗೆಣಸು, ಆಲೂಗಡ್ಡೆ, ಬೀಟ್‌ರೂಟು, ಮರಗೆಣಸು" ಎಂದಳು ಹೆಂಡತಿ, ಪರೀಕ್ಷೆಯಲ್ಲಿ ಪಾಠ ಒಪ್ಪಿಸುವವಳಂತೆ.

"ಜೊತೆಗೆ?"

"ಜೊತೆಗೇನಿಲ್ಲ. ಸೊಪ್ಪು, ಕಾಳು ಎಲ್ಲ ಬಿಟ್ಟೆ. ಇವರ ಸುತ್ತೋಲೇಲಿ ಬೇರು ಮಾತ್ರ ಅಂತಿತ್ತು. ಇವರು ತಪ್ಪು ಬರೆಯೋರಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. "ಬೇರು-ಗೆಡ್ಡೆ ಕೆಟ್ಟದ್ದಲ್ಲಮ್ಮ. ಆದ್ರೆ ಮೂರು ಹೊತ್ತೂ ತಟ್ಟೆ ತುಂಬ ಗೆಣಸು, ಆಲೂಗಡ್ಡೆ ಹಾಕ್ಕೊಂಡು, ಸಕ್ಕರೆ ತಡೆಯೋ ಕಾಳು, ಸೊಪ್ಪು ಬಿಟ್ರೆ ಇನ್ನೇನಾಗತ್ತೆ? ಒಳ್ಳೇದನ್ನ ತಟ್ಟೆಯಿಂದ ಆಚೆ ಹಾಕಿ ಕೂತಿದೀರಿ." ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ಬರೆಸಿಕೊಳ್ಳಬಾರದೆಂದೇ ಅವಳು ಒಂದು ತಿಂಗಳು ಸಪ್ಪೆ ಗೆಣಸು ನುಂಗಿದ್ದು.

ಮನೆಗೆ ಬಂದ ಮೇಲೆ ನಿಘಂಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಲ್ಲಿ ಅವರು ನಿಲ್ಲುವುದೇ ಅಪರೂಪ. ತಿಂಗಳಿಡೀ ಅವರ ತಟ್ಟೆಗೆ ಎಂದಿನ ಊಟ ಬಿದ್ದಿತ್ತು. ಎದುರಿನ ತಟ್ಟೆಯಲ್ಲಿ ಏನಿದೆ ಎಂದು ಅವರು ಒಂದು ದಿನವೂ ನೋಡಿರಲಿಲ್ಲ. ಈಗ ಹೆದರಿಕೆಯಾಯಿತು, ಹೆದರಿದ ಗಂಡಸರಂತೆ ಅವರೂ ಸಿಟ್ಟನ್ನೇ ಹೊರಗೆ ತೆಗೆದರು.

"ಯಾರಾದ್ರೂ ಬರೀ ಬೇರು ತಿಂತಾರೇನೆ? ಅನುಮಾನ ಬಂದ್ರೆ ನನ್ನ ಒಂದು ಮಾತು ಕೇಳಬಾರದಿತ್ತಾ?"

ಹೆಂಡತಿ ಮಾತ್ರೆಯ ಪೊಟ್ಟಣವನ್ನು ಶೆಲ್ಫಿನಲ್ಲಿಟ್ಟಳು. ಸಿಟ್ಟಿನಿಂದಲ್ಲ, ದಿನದ ಮಾತಾಡುವಂತೆ ಹೇಳಿದಳು.

"ನಿಮ್ಮನ್ನ ಕೇಳಿದ್ರೆ ಅರ್ಥ ಹೇಳ್ತೀರಿ ರೀ. ಉತ್ತರ ಹೇಳಲ್ಲ."

ಅವರು ಬಾಯಿ ತೆರೆದರು. ಅರ್ಥಕ್ಕೂ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಮುಂದೆ ನಿಂತ ಇನ್ನೊಬ್ಬ ಹೆಂಗಸು ನೆನಪಾದಳು. ಅವಳೇನೋ ಕೇಳಿದ್ದಳು. ಎರಡು ಸಲ, ಮೂರು ಸಲ ಕೇಳಿದ್ದಳು. ಇಷ್ಟು ದಿನ ಹೊಟ್ಟೆಗೇನು ತಿಂದೆ ಎಂದು ಹೆಂಡತಿಯನ್ನು ಕೇಳದವರಿಗೆ, ನೂರ ನಲವತ್ತು ಜನಕ್ಕೆ ಏನು ಬೇಯಿಸಬೇಕೆಂದು ಕೇಳಿಕೊಂಡು ಬಂದವಳ ಮುಖ ಕೂಡ ಸರಿಯಾಗಿ ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು. ಅರವತ್ತರ ಹತ್ತಿರ ಬಂದ ಮೇಲೆ ಆಗುವ ನಾಚಿಕೆ ಸುಲಭಕ್ಕೆ ಹೋಗುವುದಿಲ್ಲ.

ಮರುದಿನ ಅವರು ಎಲ್ಲರಿಗಿಂತ ಮುಂಚೆ ಕಾರ್ಖಾನೆಗೆ ಹೋದರು. ಕಾಗದವನ್ನು ಸದ್ದಿಲ್ಲದೆ ಎತ್ತಿಕೊಳ್ಳಬಹುದೆಂಬ ಆಸೆ. ಮ್ಯಾನೇಜರು ಆಗಲೇ ಬಂದು ಅದನ್ನು ಓದುತ್ತ ಕೂತಿದ್ದರು.

"ಸ್ವಕಪೋಲಕಲ್ಪಿತ. ಅಬ್ಬಾ. ನನಗೊಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಓದಿದ್ರೆ ಅವಳದೇ ತಪ್ಪು ಅಂತ ಅನ್ಸತ್ತೆ. ಬರೆಯೋದು ಅಂದ್ರೆ ಇದು."

ಜೀವನದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ ಇರಬೇಕು. ನಿಘಂಟು ಕೈ ಚಾಚಿ ಕಾಗದ ಇಸಿದುಕೊಂಡರು. ಅಲ್ಲೇ ನಿಂತು, ಬೇರೆ ಹಾಳೆಯ ಮೇಲೆ ಬರೆದರು: 'ಅಡುಗೆಯವರು ಅರ್ಥವಾಗದೆ ನನ್ನನ್ನು ಕೇಳಲು ಬಂದಿದ್ದರು. ನಾನು ತಪ್ಪು ಹೇಳಿ ಕಳಿಸಿದೆ. ಅವರದು ತಪ್ಪಿಲ್ಲ.'

ಮ್ಯಾನೇಜರು ಓದಿ ಮುಖ ಕಿವುಚಿದರು. "ಇದೇನ್ರೀ ಇದು, ಮಕ್ಕಳ ಕನ್ನಡ. ಇದನ್ನ ಕಳಿಸಿದ್ರೆ ನಿಮ್ಮ ಸಲಹೆಗಾರರ ಕೆಲಸ ಅಲ್ಲಿಗೇ ಮುಗೀತು, ಗೊತ್ತಲ್ಲ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದೀರಿ."

ನಿಘಂಟುವಿಗೆ ಗೊತ್ತಿತ್ತು. ಗೊತ್ತಿದ್ದೇ ಪೆನ್ನು ಹಿಡಿದ ಕೈ ಹಾಳೆಯ ಮೇಲೆ ಬಹಳ ಹೊತ್ತು ನಿಂತಿತು. ಎರಡು ವರ್ಷದ ಮೇಜು, ಕುರ್ಚಿ, ತಿದ್ದಲು ಬೇರೆಯವರ ತಪ್ಪುಗಳು. ಸುಲಭವಾಗಿ ಸಹಿ ಹಾಕಿದರು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಹಾಕಿದರು, ಅಷ್ಟೇ.

"ಹಾಗಿದ್ರೆ ಕ್ಯಾಂಟೀನಿಗೆ ಹೊಸ ಸುತ್ತೋಲೆನೂ ನೀವೇ ಬರೀರಿ. ಈ ಸಲ ಹಲ್ಲು ಉಳೀಲಿ" ಎಂದರು ಮ್ಯಾನೇಜರು.

ಅವರು ಬರೆಯಲು ಕೂರಲಿಲ್ಲ. ಹಾಳೆ ಹಿಡಿದು ಮೆಟ್ಟಿಲಿಳಿದು ಕ್ಯಾಂಟೀನಿಗೆ ಹೋದರು. ಊಟದ ಹೊತ್ತಿಗೆ ಮುಂಚಿನ ಚಹಾದ ಗಂಟೆ. ಹೊಲಿಗೆ ಹಾಲಿನವರು ತಲೆಯ ಮೇಲೆ ಹತ್ತಿ ಹೊತ್ತುಕೊಂಡು ಬೆಂಚುಗಳಲ್ಲಿ ಕೂತಿದ್ದರು, ಮೇಸ್ತ್ರಿಯೂ ಒಂದು ಹಲ್ಲು ಕಡಿಮೆಯಾಗಿ ಅಲ್ಲೇ ಇದ್ದ. ಸೌಟಕ್ಕ ಒಂದು ರಾಶಿ ಗಜ್ಜರಿ ತೊಳೆಯುತ್ತಿದ್ದಳು. ಇವರನ್ನು ಕಂಡು ಎದ್ದು ನಿಂತಳು, ಕೈ ಒರೆಸಿಕೊಳ್ಳಲಿಲ್ಲ.

"ಊಟಕ್ಕೆ ಏನೇನು ಕೊಟ್ಟರೆ ಒಳ್ಳೆಯದು ಅಂತ ಕೇಳಿಕೊಂಡು ಹೋಗಲು ಬಂದೆ" ಎಂದರು ನಿಘಂಟು.

"ಹೇಳ್ತೀನಿ. ಮೊದ್ಲು ನಂಗೊಂದು ಹೇಳಿ ಸಾರ್." ಅವಳ ದನಿ ಜೋರಿರಲಿಲ್ಲ, ಆದರೂ ಬೆಂಚಿನವರ ಮಾತು ನಿಂತಿತು. "ನಿನ್ನೆ ನೀವು ಬರ್ದಿದ್ದನ್ನ ಟೈಪಿಸ್ಟಮ್ಮ ಹೇಳಿದ್ರು. ಅಲ್ಪಜ್ಞೆ ಅಂದ್ರೇನು?"

ಅರ್ಥ ಅವರಿಗೆ ಗೊತ್ತಿತ್ತು. ಅಲ್ಪ ಎಂದರೆ ಕಡಿಮೆ, ಜ್ಞೆ ಎಂದರೆ ತಿಳಿದವಳು. ಸಮಾಸ ಬಿಡಿಸಲು ಅರ್ಧ ನಿಮಿಷ ಸಾಕು. ಅವರು ಕೈಯಲ್ಲಿದ್ದ ಖಾಲಿ ಹಾಳೆ ನೋಡಿದರು, ಆಮೇಲೆ ಅವಳ ಮುಖ ನೋಡಿದರು.

"ನಿಮ್ಮನ್ನ ಕೆಲಸದಿಂದ ತೆಗೆಸೋಕೆ ನಾನು ಬರೆದ ಮಾತು ಅದು" ಎಂದರು. "ತಪ್ಪು ನಂದು. ನೀವು ಕೇಳೋಕೆ ಬಂದಿದ್ರಿ, ನಾನು ತಲೆ ಎತ್ತಲಿಲ್ಲ. ಈಗ ಹಾಗಂತ ಬರೆದು ಕೊಟ್ಟು ಬಂದೆ."

ಯಾರೂ ನಗಲಿಲ್ಲ. ಸೌಟಕ್ಕ ಅವರನ್ನು ಕ್ಷಮಿಸಿದಂತೆಯೂ ಕಾಣಲಿಲ್ಲ. ಒಂದು ಬೆಂಚನ್ನು ಕಾಲಿನಿಂದ ಅವರತ್ತ ತಳ್ಳಿದಳು.

"ಕೂತ್ಕೊಂಡು ಬರ್ಕೊಳ್ಳಿ. ಸೋಮವಾರ, ನೆನೆಹಾಕಿದ ಕಾಳು, ಒಂದು ಸೊಪ್ಪು. ತೌಡು ತೆಗೀದೇ ಇರೋ ಅಕ್ಕಿ. ತರಕಾರಿ ಹೆಚ್ಚಿ ಬೇಯಿಸ್ಬೇಕು. ಹೆಚ್ಚಿ ಅಂತ ದೊಡ್ಡದಾಗಿ ಬರೀರಿ. ಕೊನೇಲಿ ಒಂದು ಹಣ್ಣು. ಕರಿದಿದ್ದು ತಿಂಗಳಿಗೊಂದ್ಸಲ ಸಾಕು, ಯಾರೂ ಸಾಯಲ್ಲ. ಬೇರು-ಗೆಡ್ಡೆ ವಾರಕ್ಕೆರಡು ದಿನ, ಅವೂ ಒಳ್ಳೇವೆ, ಅವೇನು ತಪ್ಪು ಮಾಡಿವೆ."

ಅವಳು ಹೇಳಿದ ಹಾಗೆಯೇ ಅವರು ಬರೆದರು. 'ತೌಡು' ಎನ್ನುವಲ್ಲಿ ಒಮ್ಮೆ ಕೈ ತಡೆಯಿತು, ಸಂಸ್ಕೃತದ ಪದವೊಂದು ಬಂದು ಬಾಗಿಲು ತಟ್ಟಿತು. ಅದನ್ನು ಹೊರಗೇ ನಿಲ್ಲಿಸಿದರು. ಮುಗಿದ ಮೇಲೆ ಹಾಳೆಯನ್ನು ಅವಳ ಕೈಗೆ ಕೊಟ್ಟರು. ಸೌಟಕ್ಕ ಒದ್ದೆ ಬೆರಳನ್ನು ಸಾಲಿನ ಕೆಳಗೆ ಜರುಗಿಸುತ್ತ, ತುಟಿ ಅಲ್ಲಾಡಿಸುತ್ತ, ಕೊನೆಯವರೆಗೂ ಓದಿದಳು.

"ಎಲ್ಲ ಗೊತ್ತಾಗತ್ತೆ" ಎಂದಳು, ಹಾಳೆ ಹಿಂದಿರುಗಿಸುತ್ತ. "ನಿಘಂಟು ಬೇಕಾಗಲ್ಲ."